ಹಳೇ ಡೀಸೆಲ್ ಪಿಕಪ್ಪಿನ ಆಯಿಲ್ ಚೇಂಬರ್ ಬದಲಾಯಿಸಿದ ಕೇಸು, ಪೂರ್ತಿ ವಿವರ

ಆಯಿಲ್ ಚೇಂಬರ್ ಅಂದ್ರೆ ಎಂಜಿನ್ ತಳದಲ್ಲಿ ಆಯಿಲ್ ನಿಲ್ಲೋ ತಗಡಿನ ತೊಟ್ಟಿ. ಗಾಡಿ 2009ರ ಮಾಡೆಲ್ ಡೀಸೆಲ್ ಪಿಕಪ್ಪು. ನಾಲ್ಕು ಸಿಲಿಂಡರ್, ಎರಡೂವರೆ ಲೀಟರ್ ಎಂಜಿನ್, ಟರ್ಬೋ ಇದೆ ಆದ್ರೆ ಡೀಸೆಲ್ ಕೊಡೋದು ಕಂಪ್ಯೂಟರ್ ನಡೆಸೋ ಕಾಮನ್ ರೈಲ್ ಅಲ್ಲ, ಹಳೇ ಕಾಲದ ಮೆಕ್ಯಾನಿಕಲ್ ಪಂಪು. ಮುಂದೆ ರಿಜಿಡ್ ಆಕ್ಸಲ್ (ಎರಡೂ ಚಕ್ರ ಸೇರಿಸೋ ಒಂದೇ ಕಬ್ಬಿಣದ ದಿಂಡು), ಲೀಫ್ ಸ್ಪ್ರಿಂಗು (ಪಟ್ಟಿ ಜೋಡಿಸಿದ ಕಮಾನು). ಮಾಗಡಿ ಕಡೆಯಿಂದ ತರಕಾರಿ ಹೇರ್ಕೊಂಡು ರಾತ್ರಿ ಹೊತ್ತು ಬೆಂಗಳೂರಿನ ಕಲಾಸಿಪಾಳ್ಯಕ್ಕೆ ಬರೋ ಗಾಡಿ ಇದು, ಓನರ್ರೇ ಡ್ರೈವರ್ರು, ಮನೆ ನಡೆಯೋದೇ ಇದ್ರಿಂದ. ಕಾಮಾಕ್ಷಿಪಾಳ್ಯದ ನಮ್ಮ ಗ್ಯಾರೇಜಿಗೆ ಬಂದಾಗ ಅವ್ರು ಎರಡು ಕಂಪ್ಲೇಂಟ್ ಹೇಳಿದ್ರು. ಒಂದು, ನಿಲ್ಲಿಸಿದ ಕಡೆಯೆಲ್ಲಾ ಆಯಿಲ್ ತೊಟ್ಟಿಕ್ಕುತ್ತೆ, ವಾರ ವಾರ ಟಾಪ್ ಅಪ್ ಮಾಡ್ಲೇಬೇಕು. ಎರಡು, ಲೋಡ್ ಹಾಕ್ಕೊಂಡು ಏರು ಹತ್ತುವಾಗ ಸೆಕೆಂಡ್ ಗೇರಲ್ಲಿ ಎಳೆದ್ರೆ ಡ್ಯಾಶ್ ಬೋರ್ಡಲ್ಲಿ ಆಯಿಲ್ ಲೈಟು ಮಿಣುಕ್ ಮಿಣುಕ್ ಅನ್ನುತ್ತೆ, ಆಕ್ಸಿಲರೇಟರ್ ಬಿಟ್ರೆ ಹೋಗುತ್ತೆ.

ಅದಕ್ಕೂ ಮುಂಚೆ ಬೇರೆ ಕಡೆ ತೋರಿಸಿದ್ರಂತೆ. ಅಲ್ಲಿ ಕೆಳಗೆ ಬಗ್ಗಿ ನೋಡಿ, ಗೇರ್ ಬಾಕ್ಸ್ ಸೇರೋ ಜಾಗದಲ್ಲಿ ಆಯಿಲ್ ಕಂಡು, ಕ್ರ್ಯಾಂಕಿನ (ಎಂಜಿನ್ ಒಳಗೆ ತಿರುಗೋ ಮುಖ್ಯ ಶಾಫ್ಟಿನ) ಹಿಂದಿನ ಸೀಲ್ ಹೋಗಿದೆ, ಲೈಟ್ ಬೇರೆ ಬರ್ತಿದೆ ಅಂದ್ರೆ ಬೇರಿಂಗೂ ಸವೆದಿದೆ, ಗೇರ್ ಬಾಕ್ಸ್ ಇಳಿಸಿ ಎಂಜಿನ್ ಬಿಚ್ಚಿ ಫುಲ್ ಮಾಡ್ಬಿಡೋಣ ಅಂತ ಹೇಳಿ ಕಳ್ಸಿದ್ರು. ಅವ್ರು ಹೇಳಿದ ಮೊತ್ತ ಕೇಳಿ ಓನರ್ರು ಗಾಡಿ ಮಾರೋದೇ ವಾಸಿ ಅನ್ನೋ ಲೆಕ್ಕಕ್ಕೆ ಬಂದಿದ್ರು. ಹಳೇ ಗಾಡಿ ಇಟ್ಕೊಂಡಿರೋರಿಗೆ ಈ ಥರ ಆಗೋದು ನೋಡಿದ್ರೆ ನಂಗೆ ನಿಜಕ್ಕೂ ಸಂಕಟ ಆಗುತ್ತೆ. ಯಾಕಂದ್ರೆ ಎಂಜಿನ್ ಬಿಚ್ಚೋ ಮಾತು ಆಡೋಕೆ ಮುಂಚೆ ನೋಡ್ಬೇಕಾದ ವಿಷಯಗಳು ಬೇಕಾದಷ್ಟಿವೆ, ಅದ್ಯಾವುದಕ್ಕೂ ದೊಡ್ಡ ಖರ್ಚಿಲ್ಲ.

ಮೊದಲು ಡಿಪ್ ಸ್ಟಿಕ್ ಎಳೆದು ನೋಡಿದ್ವಿ. ಲೆವೆಲ್ ಸರಿಯಾಗಿತ್ತು, ಮೇಲಿನ ಗುರುತಿಗಿಂತ ಸ್ವಲ್ಪ ಕೆಳಗೆ ಅಷ್ಟೇ. ಇಲ್ಲೇ ಒಂದು ಪಾಯಿಂಟ್ ಸಿಗುತ್ತೆ. ಲೆವೆಲ್ ಸರಿ ಇದ್ದೂ ಲೈಟ್ ಬರ್ತಿದೆ ಅಂದ್ರೆ, ಸೋರೋದಕ್ಕೂ ಲೈಟಿಗೂ ನೇರ ಸಂಬಂಧ ಇಲ್ಲ, ಎರಡನ್ನೂ ಬೇರೆ ಬೇರೆಯಾಗಿ ಹುಡುಕ್ಬೇಕು.

ಸೋರೋ ಜಾಗ ಹುಡುಕೋದು ತಾಳ್ಮೆ ಕೆಲಸ. ಗಾಡಿ ಓಡುವಾಗ ಗಾಳಿ ಆಯಿಲ್ ನ ಹಿಂದಕ್ಕೆ ತಳ್ಳುತ್ತೆ, ಎಲ್ಲಿ ಸೋರಿದ್ರೂ ಕೊನೇಲಿ ಗೇರ್ ಬಾಕ್ಸ್ ಸೇರೋ ಬೆಲ್ ಹೌಸಿಂಗ್ ಹತ್ರಾನೇ ಬಂದು ತೊಟ್ಟಿಕ್ಕುತ್ತೆ, ಅದಕ್ಕೇ ಎಷ್ಟೋ ಗಾಡೀಲಿ ಹಿಂದಿನ ಸೀಲಿನ ಮೇಲೆ ಸುಮ್ನೆ ಆಪಾದನೆ ಬರೋದು. ಎಂಜಿನ್ ಕೆಳಭಾಗ ಪೂರ್ತಿ ಡೀಸೆಲ್ ಹಾಕಿ ಬ್ರಶ್ಶಲ್ಲಿ ಉಜ್ಜಿ, ಕಂಪ್ರೆಸರ್ ಗಾಳಿ ಹೊಡೆದು ಒಣಗಿಸಿ, ಮೇಲೆ ಮುಖಕ್ಕೆ ಹಚ್ಚೋ ಪೌಡರ್ ಉದುರಿಸಿದ್ವಿ. ಆಮೇಲೆ ಮಾಗಡಿ ರೋಡಲ್ಲಿ ಎಂಜಿನ್ ಚೆನ್ನಾಗಿ ಬಿಸಿ ಆಗೋವರೆಗೂ ಓಡಿಸ್ಕೊಂಡು ಬಂದು ಟಾರ್ಚ್ ಹಿಡ್ಕೊಂಡು ಮೇಲಿಂದ ಕೆಳಕ್ಕೆ ನೋಡ್ತಾ ಬಂದ್ವಿ. ಟ್ಯಾಪೆಟ್ ಕವರ್ ಒಣಗಿದೆ, ಪ್ರೆಷರ್ ಸ್ವಿಚ್ ಒಣಗಿದೆ, ಫಿಲ್ಟರ್ ಕೂರೋ ಜಾಗ ಒಣಗಿದೆ, ಟರ್ಬೋ ರಿಟರ್ನ್ ಪೈಪು ಒಣಗಿದೆ, ಟೈಮಿಂಗ್ ಕವರ್ ಹತ್ರ ಪೌಡರ್ ಹಾಗೇ ಬೆಳ್ಳಗಿದೆ. ಬೆಲ್ ಹೌಸಿಂಗ್ ಕೆಳಗಿನ ತೂತಲ್ಲಿ ಬೆರಳಿಟ್ರೆ ಒಂಚೂರು ಜಿಡ್ಡು, ತೊಟ್ಟಿಕ್ಕೋ ಮಟ್ಟಕ್ಕಿಲ್ಲ. ಚೇಂಬರಿನ ಮುಂದಿನ ಎಡಮೂಲೆ ಮಾತ್ರ ಒದ್ದೆ. ಅಲ್ಲಿ ಯಾವತ್ತೋ ಯಾರೋ ಎಪಾಕ್ಸಿ ಪುಟ್ಟಿ ಮೆತ್ತಿದ್ರು, ಅಂಗೈ ಅಗಲ, ಅದರ ಅಂಚಿಂದ ಆಯಿಲ್ ಬೆವರಿನ ಹಾಗೆ ಜಿನುಗ್ತಾ ಇತ್ತು.

ಎಂಜಿನ್ ಒಳಗಿನ ಗ್ಯಾಸ್ ಹೊರಗೆ ಬಿಡೋ ಬ್ರೀದರ್ ಪೈಪು ಕೂಡ ನೋಡಿದ್ವಿ. ಅದು ಕಟ್ಕೊಂಡಿದ್ರೆ ಒಳಗಿನ ಗ್ಯಾಸ್ ಪ್ರೆಷರ್ರಿಗೆ ಎಲ್ಲಾ ಸೀಲಿಂದಾನೂ ಆಯಿಲ್ ಹೊರಗೆ ಬರುತ್ತೆ, ಆಗ ಚೇಂಬರ್ ಹೊಸದು ಹಾಕಿದ್ರೂ ಪ್ರಯೋಜನ ಇಲ್ಲ. ಐಡಲಲ್ಲಿ (ಆಕ್ಸಿಲರೇಟರ್ ಒತ್ತದೇ ಎಂಜಿನ್ ಸುಮ್ನೆ ಓಡುವಾಗ) ಆಯಿಲ್ ಕ್ಯಾಪ್ ತೆಗೆದು ನೋಡಿದ್ರೆ ಸ್ವಲ್ಪ ಹೊಗೆ, ಇಷ್ಟು ಓಡಿರೋ ಎಂಜಿನ್ನಿಗೆ ಅಷ್ಟು ಸಹಜ, ಕ್ಯಾಪ್ ಕುಣಿಯೋ ಅಷ್ಟು ಇರ್ಲಿಲ್ಲ.

ಇನ್ನು ಲೈಟಿನ ವಿಷಯ. ಡ್ಯಾಶ್ ಬೋರ್ಡಿನ ಲೈಟು ಸಾಮಾನ್ಯವಾಗಿ ಪ್ರೆಷರ್ ಅರ್ಧ ಬಾರ್ (ಒತ್ತಡದ ಅಳತೆ) ಗಿಂತ ಕೆಳಗೆ ಹೋದ್ರೆ ಮಾತ್ರ ಹತ್ತೋದು, ಅಂದ್ರೆ ಅದು ಹತ್ತೋ ಹೊತ್ತಿಗೆ ತಡ ಆಗಿರುತ್ತೆ. ಹಾಗಾಗಿ ಆ ಲೈಟಿನ ಪ್ರೆಷರ್ ಸ್ವಿಚ್ ಬಿಚ್ಚಿ ಆ ಜಾಗಕ್ಕೆ ಮೆಕ್ಯಾನಿಕಲ್ ಗೇಜ್ ಹಾಕಿದ್ವಿ. ಎಂಜಿನ್ ಪೂರ್ತಿ ಬಿಸಿ ಆದ್ಮೇಲೆ ಐಡಲಲ್ಲಿ 1 ಬಾರ್ ಮೇಲೇನೇ ಇದೆ, ಚೆನ್ನಾಗಿದೆ. ರೇಸ್ ಮಾಡ್ತಾ ಹೋದ್ರೆ 2 ದಾಟಿ ಏರುತ್ತೆ, ಆದ್ರೆ 2500 ಆರ್.ಪಿ.ಎಂ.ನಲ್ಲಿ ಹಿಡಿದಿಟ್ರೆ ಮುಳ್ಳು ನಡುಗೋಕೆ ಶುರು ಮಾಡಿ ಕೆಳಕ್ಕೆ ಬೀಳುತ್ತೆ, ಬಿಟ್ರೆ ಮತ್ತೆ ಸರಿ. ಈ ಗಾಡಿಯ ಕಥೆಯೆಲ್ಲಾ ಈ ಮುಳ್ಳಿನ ನಡುಕದಲ್ಲಿತ್ತು. ಬೇರಿಂಗ್ ಸವೆದಿದ್ರೆ ಬಿಸಿ ಐಡಲಲ್ಲೇ ಪ್ರೆಷರ್ ಬಿದ್ದಿರ್ಬೇಕು, ರೇಸ್ ಕೊಟ್ಟಾಗ ಸುಧಾರಿಸ್ಬೇಕು, ಯಾಕಂದ್ರೆ ಪಂಪ್ ಜೋರಾಗಿ ತಿರುಗಿ ಜಾಸ್ತಿ ಆಯಿಲ್ ಕಳಿಸುತ್ತೆ. ಇಲ್ಲಿ ತದ್ವಿರುದ್ಧ. ಪಂಪಿಗೆ ಜಾಸ್ತಿ ಆಯಿಲ್ ಬೇಕಾದಾಗ್ಲೇ ಸಿಗ್ತಿಲ್ಲ. ಅಂದ್ರೆ ತೊಂದ್ರೆ ಇರೋದು ಪಂಪಿಗಿಂತ ಮುಂಚೆ, ಹೀರೋ ಕಡೆ, ಚೇಂಬರ್ ಒಳಗಿನ ಸ್ಟ್ರೈನರ್ (ಪಂಪಿಗೆ ಆಯಿಲ್ ಹೋಗೋ ಜಾಲರಿ ಬಾಯಿ) ಹತ್ರ.

ಹೀರೋದು ಅಂತ ಬಾಯಿ ಮಾತಿಗೆ ಹೇಳ್ತೀವಿ, ನಿಜವಾಗಿ ಆಯಿಲ್ ನ ಸ್ಟ್ರೈನರ್ ಒಳಕ್ಕೆ ದಬ್ಬೋದು ವಾತಾವರಣದ ಒತ್ತಡ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್ ಮೇಲಿದೆ, ಇಲ್ಲಿ ಸಿಗೋದು ಹೆಚ್ಚು ಕಮ್ಮಿ 0.9 ಬಾರ್. ಪಂಪಿನ ಆಚೆ ಕಡೆ ನಾಲ್ಕು ಬಾರ್ ಬೇಕಾದ್ರೂ ಹುಟ್ಟಿಸ್ಬಹುದು, ಈಚೆ ಕಡೆ ಇರೋ ಬಂಡವಾಳ ಇಷ್ಟೇ. ಅದಕ್ಕೇ ಹೀರೋ ಕಡೆ ಚಿಕ್ಕ ಅಡ್ಡಿ ಆದ್ರೂ ಪಂಪ್ ಒದ್ದಾಡುತ್ತೆ, ಗಾಳಿ ಗುಳ್ಳೆ ಸೇರುತ್ತೆ, ಮುಳ್ಳು ನಡುಗುತ್ತೆ.

ಓನರ್ರಿಗೆ ಇಷ್ಟನ್ನೂ ಗೇಜ್ ತೋರಿಸೇ ಹೇಳಿದೆ. ಎಂಜಿನ್ ಬಿಚ್ಚೋದು ಬೇಡ, ಚೇಂಬರ್ ಇಳಿಸೋಣ, ಹೇಗಿದ್ರೂ ತೂತಾಗಿದೆ ಬದಲಾಯಿಸ್ಲೇಬೇಕು, ಒಳಗೆ ಏನಿದೆ ನೋಡಿ ಮುಂದಿನ ಮಾತು ಅಂತ.

ಬಿಸಿ ಇರೋವಾಗ್ಲೇ ಆಯಿಲ್ ಇಳಿಸಿದ್ವಿ, ತಣ್ಣಗಾದ್ರೆ ಕೆಸರು ತಳದಲ್ಲೇ ಉಳಿಯುತ್ತೆ. ಡ್ರೈನ್ ಬೋಲ್ಟಿನ ತ್ರೆಡ್ ಅರ್ಧ ಹೋಗಿತ್ತು, ಟೇಪ್ ಸುತ್ತಿ ಬಿಗಿದಿದ್ರು. ಆಮೇಲೆ ಚಾಸಿಸ್ಸಿಗೆ ಜಾಕಿ ಕೊಟ್ಟು ಎತ್ತಿ ಎರಡೂ ಕಡೆ ಸ್ಟ್ಯಾಂಡ್ ಇಟ್ಟು ಆಕ್ಸಲ್ ನ ಕೆಳಗೆ ಜೋತು ಬಿಟ್ವಿ, ಆಗ ಚೇಂಬರಿಗೂ ಆಕ್ಸಲ್ಲಿಗೂ ನಡುವೆ ಜಾಗ ಸಿಗುತ್ತೆ. ಇಲ್ಲಿ ಒಂದು ಮಾತು ಹೇಳ್ಲೇಬೇಕು, ಜಾಕಿ ಮೇಲೆ ಅಥ್ವಾ ಸೈಜುಗಲ್ಲಿನ ಮೇಲೆ ನಿಲ್ಲಿಸಿರೋ ಗಾಡಿ ಕೆಳಗೆ ಯಾರೂ ಹೋಗ್ಬೇಡಿ, ಎಷ್ಟೇ ಅರ್ಜೆಂಟ್ ಇರ್ಲಿ, ಕಲ್ಲು ಸೀಳೋಕೆ ಒಂದು ಕ್ಷಣ ಸಾಕು. ಆದ್ರೂ ಜಾಗ ಸಾಲ್ದೇ ಎಂಜಿನ್ ನ ಚಾಸಿಸ್ಸಿಗೆ ಹಿಡಿದಿರೋ ಮೌಂಟಿಂಗ್ ಬೋಲ್ಟ್ ಸಡಿಲ ಮಾಡಿ ಬ್ಲಾಕಿನ ಅಂಚಿಗೆ ಮರದ ತುಂಡು ಕೊಟ್ಟು ಎಂಜಿನ್ ನ ಒಂದಿಂಚು ಎತ್ಬೇಕಾಯ್ತು. ಎತ್ತುವಾಗ ಫ್ಯಾನು ರೇಡಿಯೇಟರ್ ಶ್ರೌಡಿಗೆ ತಾಗ್ತಿದ್ಯಾ, ಸೈಲೆನ್ಸರ್ ಪೈಪು ಎಳೀತಿದ್ಯಾ ಅಂತ ಒಬ್ರು ಮೇಲೆ ನಿಂತು ನೋಡ್ಬೇಕು. ಮೌಂಟಿಂಗ್ ಸಡಿಲ ಮಾಡಿದಾಗ ಅದರ ರಬ್ಬರ್ ಎಷ್ಟು ಕುಸಿದಿದೆ ಅಂತ ಕಣ್ಣಿಗೆ ಬಿತ್ತು, ಎಡಗಡೇದು ಬಲಗಡೇದಕ್ಕಿಂತ ಎದ್ದು ಕಾಣೋ ಹಾಗೆ ಕೆಳಗಿತ್ತು. ಇದು ಆಮೇಲೆ ಉಪಯೋಗಕ್ಕೆ ಬಂತು.

ಬೋಲ್ಟುಗಳೆಲ್ಲಾ 10 ನಂಬರ್ ಸ್ಪ್ಯಾನರಿನವು, ಅಂದ್ರೆ ಎಂ6 (6 ಎಂಎಂ ದಪ್ಪ), ಸಣ್ಣವು. ಫ್ಲೈವೀಲ್ ಹತ್ರದ ಎರಡು ತುಕ್ಕು ಹಿಡಿದಿದ್ವು, ಹಿಂದಿನ ದಿನವೇ ತುಕ್ಕಿನ ಆಯಿಲ್ ಬಿಟ್ಟು ನೆನೆಸಿದ್ರಿಂದ ಒಂದು ಬಂತು, ಇನ್ನೊಂದರ ತಲೆ ಮುರೀತು. ಮುರಿದಿದ್ದು ಬ್ಲಾಕಿಂದ ಸ್ವಲ್ಪ ಹೊರಗೆ ಚಾಚಿತ್ತು, ಚೇಂಬರ್ ಇಳಿಸಿದ್ಮೇಲೆ ಲಾಕಿಂಗ್ ಪ್ಲೈಯರಲ್ಲಿ ಹಿಡ್ದು ಹಿಂದೆ ಮುಂದೆ ಆಡಿಸ್ತಾ ಆಡಿಸ್ತಾ ತೆಗೆದ್ವಿ. ಚೇಂಬರ್ ಸುಲಭಕ್ಕೆ ಬಿಡ್ಲಿಲ್ಲ, ಸುತ್ತಲೂ ಸಿಲಿಕೋನ್ ಧಾರಾಳವಾಗಿ ಬಳಿದಿದ್ರು. ಇಂಥಾ ಕಡೆ ಸ್ಕ್ರೂ ಡ್ರೈವರ್ ತುರುಕಿ ಮೀಟ್ಬಾರ್ದು, ಟೈಮಿಂಗ್ ಕವರ್ ಅಲ್ಯೂಮಿನಿಯಂ, ಗೀಚಿದ್ರೆ ಆ ಗೀಚಿಂದ ಜೀವನಪೂರ್ತಿ ಸೋರುತ್ತೆ. ಪೇಂಟರ್ಗಳು ಪುಟ್ಟಿ ಎಳೆಯೋ ತೆಳ್ಳಗಿನ ಬ್ಲೇಡ್ ತಗೊಂಡು ಅಂಚಲ್ಲಿ ತಟ್ಟಿ ತಟ್ಟಿ ಸುತ್ತ ಬಿಡಿಸಿ, ರಬ್ಬರ್ ಸುತ್ತಿಗೇಲಿ ಪಕ್ಕಕ್ಕೆ ಹೊಡೆದ್ವಿ, ಬಂತು.

ಈಗ ಒಳಗೆ ಕಂಡಿದ್ದು. ತಳದಲ್ಲಿ ಕಪ್ಪು ಕೆಸರು, ಇದು ಡೀಸೆಲ್ ಎಂಜಿನ್ನಿನ ಮಸಿ ಸೇರಿ ಆಗೋದು, ಇಷ್ಟು ವರ್ಷದ ಗಾಡೀಲಿ ಇದ್ದೇ ಇರುತ್ತೆ. ಮುಂದಿನ ಎಡಮೂಲೆ ಒಳಕ್ಕೆ ನುಗ್ಗಿತ್ತು, ಹೊರಗಿಂದ ಪುಟ್ಟಿ ಮೆತ್ತಿದ್ರಿಂದ ಎಷ್ಟು ಆಳ ಅಂತ ಗೊತ್ತೇ ಆಗ್ತಿರ್ಲಿಲ್ಲ, ಒಳಗಿಂದ ನೋಡಿದ್ರೆ ಗುಡ್ಡದ ಥರ ಎದ್ದಿದೆ. ಆ ಗುಡ್ಡದ ತುದೀಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗ ಫಳಫಳ ಹೊಳೀತಿತ್ತು, ಸ್ಟ್ರೈನರಿನ ಅಂಚು ಅಲ್ಲಿಗೆ ತಾಗಿ ತಾಗಿ ಉಜ್ಜಿತ್ತು. ಸ್ಟ್ರೈನರ್ ಬಾಯಿ ಒಂದು ಕಡೆ ಲೋಹಕ್ಕೆ ಮುಚ್ಕೊಂಡೇ ಇತ್ತು. ಬಾಕಿ ಉಳಿದ ಜಾಲರಿ ನೋಡಿದ್ರೆ ಅದರಲ್ಲಿ ಶ್ಯಾವಿಗೆ ಥರ ಸಿಲಿಕೋನ್ ಎಳೆಗಳು ಸುತ್ಕೊಂಡಿವೆ, ಹಿಂದೆ ಚೇಂಬರ್ ಕೂರಿಸಿದಾಗ ಜಾಸ್ತಿ ಬಳಿದ ಸಿಲಿಕೋನ್ ಒಳಕ್ಕೆ ಹಿಂಡ್ಕೊಂಡು ಬಂದು, ಒಣಗಿ, ಕಿತ್ಕೊಂಡು, ಆಯಿಲ್ ಜೊತೆ ಹರಿದು ಬಂದು ಇಲ್ಲಿ ಸೇರಿತ್ತು. ಅರ್ಧ ಜಾಲರಿ ಅದರಿಂದಾನೇ ಮುಚ್ಚಿತ್ತು. ಐಡಲಿಗೆ ಸಾಕಾಗೋ ಆಯಿಲ್ ಉಳಿದ ಸಂದೀಲಿ ಹೋಗ್ತಿತ್ತು, ಎಳೆಯೋವಾಗ ಸಾಲ್ತಿರ್ಲಿಲ್ಲ. ಗೇಜಿನ ಮುಳ್ಳು ಹೇಳಿದ್ದು ಅಕ್ಷರಶಃ ಇದನ್ನೇ.

ಪುಟ್ಟಿ ಕೆತ್ತಿ ತೆಗೆದ್ರೆ ಅದರ ಕೆಳಗೆ ತಗಡು ಜರಡಿ. ನೀರು ಒಂದ್ಸಲ ಪುಟ್ಟಿ ಅಂಚಿಂದ ಒಳಗೆ ಹೋದ್ರೆ ಹೊರಗೆ ಬರೋ ದಾರಿ ಇಲ್ಲ, ಅಲ್ಲೇ ನಿಂತು ತಿಂದಿದೆ. ಪುಟ್ಟಿ ಅನ್ನೋದು ರೋಡಲ್ಲಿ ಸಿಕ್ಕಾಕ್ಕೊಂಡಾಗ ಮನೆ ಸೇರೋಕೆ ಮಾತ್ರ, ಅದನ್ನೇ ರಿಪೇರಿ ಅಂತ ಬಿಟ್ರೆ ಕೆಳಗಿನ ಕಬ್ಬಿಣ ಮೊದಲಿಗಿಂತ ಬೇಗ ಹೋಗುತ್ತೆ.

ಇಷ್ಟು ಸಿಕ್ಕಿದ ಮೇಲೆ ಹೊಸ ಚೇಂಬರ್ ಹಾಕಿ ಮುಗಿಸ್ಬಹುದಿತ್ತು. ಆದ್ರೆ ನುಗ್ಗಿರೋದು ಯಾಕೆ ಅನ್ನೋದು ನನ್ನ ತಲೇಲಿ ಕೂತಿತ್ತು. ಓನರ್ರು ರೋಡಿನ ಹಂಪಿಗೆ (ಸ್ಪೀಡ್ ಬ್ರೇಕರಿಗೆ) ತಾಗಿರ್ಬೇಕು, ಇಲ್ಲಾ ಕಲ್ಲು ಬಡಿದಿರ್ಬೇಕು ಅಂದ್ರು, ಎಲ್ಲರೂ ಹಾಗೇ ಅಂದ್ಕೊಳ್ಳೋದು. ಹಂಪೋ ಕಲ್ಲೋ ತಾಗಿದ್ರೆ ಪೆಟ್ಟು ತಳಕ್ಕೆ ಬೀಳ್ಬೇಕು, ಉದ್ದಕ್ಕೆ ಗೀರು ಬಿದ್ದಿರ್ಬೇಕು. ಇಲ್ಲಿ ತಳ ಕ್ಲೀನಾಗಿದೆ, ಹಳೇ ಬಣ್ಣ ಕೂಡ ಹೋಗಿಲ್ಲ. ಪೆಟ್ಟು ಬಿದ್ದಿರೋದು ಮುಂದಿನ ಇಳಿಜಾರಿನ ಮೇಲೆ, ಅಡ್ಡಡ್ಡಕ್ಕೆ, ದುಂಡಗಿನ ಅಂಚಿನದು ಯಾವುದೋ ಒತ್ತಿದ ಹಾಗೆ. ಚೇಂಬರ್ ಕೈಯಲ್ಲಿ ಹಿಡ್ಕೊಂಡು ಗಾಡಿ ಕೆಳಗೆ ಮಲಗಿ ನೋಡಿದ್ರೆ ಎದುರಿಗೇ ಆಕ್ಸಲ್ಲು. ಅದರ ಮೇಲಂಚಲ್ಲಿ ನಾಲ್ಕು ಬೆರಳು ಅಗಲ ಬಣ್ಣ ಹಾರಿ ಹೊಳೀತಿದೆ. ನುಗ್ಗಿರೋ ಜಾಗ ತಂದು ಹಿಡಿದ್ರೆ ಸರಿಯಾಗಿ ಕೂತ್ಕೊಳ್ಳುತ್ತೆ. ಚೇಂಬರಿಗೆ ಹೊಡೆದಿದ್ದು ಗಾಡಿಯ ಸ್ವಂತ ಆಕ್ಸಲ್ಲೇ.

ಹೇಗೆ ಅಂತ ಮೇಲೆ ನೋಡಿದ್ರೆ ಎಡಗಡೆ ಚಾಸಿಸ್ಸಿನ ಬಂಪ್ ಸ್ಟಾಪ್ ರಬ್ಬರ್ರೇ ಇಲ್ಲ, ಅದರ ಬ್ರ್ಯಾಕೆಟ್ ಖಾಲಿ. ಆ ರಬ್ಬರಿನ ಕೆಲಸಾನೇ ಸ್ಪ್ರಿಂಗ್ ಪೂರ್ತಿ ಅದುಮಿದಾಗ ಆಕ್ಸಲ್ ನ ತಡೆಯೋದು. ಅದಿಲ್ಲ, ಸ್ಪ್ರಿಂಗಿನ ಪಟ್ಟಿಗಳು ವರ್ಷಗಟ್ಲೆ ಲೋಡಿಗೆ ಚಪ್ಪಟೆ ಆಗಿವೆ, ಎಂಜಿನ್ ಮೌಂಟಿಂಗ್ ರಬ್ಬರ್ ಕುಸಿದು ಎಂಜಿನ್ ಎಡಕ್ಕೆ ಇಳಿದಿದೆ, ಮೂರೂ ಸೇರಿ ನಡುವಿನ ಜಾಗ ತಿಂದಾಕಿವೆ. ಜೊತೆಗೆ ಈ ಥರ ಸ್ಪ್ರಿಂಗಿನ ಮುಂದಿನ ತುದಿ ಫಿಕ್ಸು, ಹಿಂದಿನದು ಹಿಂದೆ ಮುಂದೆ ಆಡೋ ಶ್ಯಾಕಲ್ಲು, ಅದುಮಿದಾಗ ಪಟ್ಟಿ ಉದ್ದ ಆಗಿ ಆಕ್ಸಲ್ ಮೇಲಕ್ಕೆ ಹೋಗೋದಷ್ಟೇ ಅಲ್ದೆ ಸ್ವಲ್ಪ ಹಿಂದಕ್ಕೂ ಸರಿಯುತ್ತೆ, ಅಂದ್ರೆ ಸೀದಾ ಚೇಂಬರ್ ಕಡೆಗೆ. ರಸ್ತೆ ಅಳತೆಗಳನ್ನ ಹೇಳೋ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪ್ರಕಾರ ದುಂಡು ಹಂಪು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರ್ಬೇಕು, ಅದನ್ನ 25 ಕಿಲೋಮೀಟರ್ ಸ್ಪೀಡಲ್ಲಿ ದಾಟಬಹುದು. ಬೆಂಗಳೂರಿನ ಅಡ್ಡರಸ್ತೆಗಳಲ್ಲಿ ಜನರೇ ಹಾಕ್ಕೊಂಡಿರೋ ಎಷ್ಟೋ ಹಂಪು ಒಂದು ಮೊಳ ಅಗಲ ಇರಲ್ಲ, ಎತ್ತರ ಮಾತ್ರ ಜೋರು, ರಾತ್ರಿ ಹೊತ್ತು ಬಿಳಿ ಪಟ್ಟೆ ಇಲ್ದೆ ಕಾಣೋದೂ ಇಲ್ಲ. ಲೋಡ್ ಗಾಡಿ ಅದರ ಮೇಲೆ ಹಾರಿದ್ರೆ ಆಕ್ಸಲ್ ಏಟು ಬೀಳೋದು ಮೇಲಕ್ಕೆ.

ಇದು ಗೊತ್ತಾಗದೇ ಇದ್ದಿದ್ರೆ ಏನ್ಮಾಡ್ತಿದ್ವಿ ಅಂದ್ರೆ, ಹೊಸ ಚೇಂಬರ್ ಹಾಕಿ ಕೆಳಗೆ ಒಂದು ಕಬ್ಬಿಣದ ಗಾರ್ಡ್ ಕಟ್ಟಿ ಕಳಿಸ್ತಿದ್ವಿ. ಓನರ್ರು ಅದನ್ನೇ ಕೇಳಿದ್ರು ಕೂಡ. ಕೆಳಗಿನ ಗಾರ್ಡು ಆಕ್ಸಲ್ ನ ತಡೆಯಲ್ಲ, ಅದರ ಮೇಲೆ ಕೆಸರು ಕೂತು ಚೇಂಬರ್ ಇನ್ನೂ ಬೇಗ ತುಕ್ಕು ಹಿಡಿಯುತ್ತೆ. ಬೇಡ ಅಂತ ಖಡಾಖಂಡಿತವಾಗಿ ಹೇಳಿದೆ. ಎರಡೂ ಕಡೆ ಬಂಪ್ ಸ್ಟಾಪ್ ಹೊಸದು, ಎರಡೂ ಮೌಂಟಿಂಗ್ ಹೊಸದು, ಮುಂದಿನ ಸ್ಪ್ರಿಂಗ್ ಕಟ್ಟು ಬಿಚ್ಚಿಸಿ ಪಟ್ಟಿ ಬಾಗಿಸೋರ ಹತ್ರ ಕಳಿಸಿ ಮತ್ತೆ ಕಮಾನು ಕೊಡಿಸಿದ್ದು, ಇದೇ ನಿಜವಾದ ಗಾರ್ಡು.

ಚೇಂಬರ್ ಯಾವುದು ಹಾಕೋದು ಅನ್ನೋದಕ್ಕೆ ದಾರಿ ಹಲವು. ಹಳೇದನ್ನೇ ವೆಲ್ಡ್ ಮಾಡ್ಸೋದು, ಶಿವಾಜಿನಗರದ ಗುಜರೀಲಿ ಹುಡ್ಕೋದು, ಸ್ಪೇರ್ ಪಾರ್ಟ್ಸ್ ಅಂಗಡಿಗಳಿರೋ ಜೆ.ಸಿ. ರೋಡಲ್ಲಿ ಒರಿಜಿನಲ್ ತರೋದು, ಅಲ್ಲೇ ಅರ್ಧ ರೇಟಿಗೆ ಸಿಗೋ ಲೋಕಲ್ ತರೋದು. ವೆಲ್ಡಿಂಗ್ ನಂಗೆ ಒಪ್ಪಿಗೆ ಇಲ್ಲ, ತೆಳು ತಗಡು, ವರ್ಷಾನುಗಟ್ಲೆ ಆಯಿಲ್ ಕುಡಿದಿರೋ ಲೋಹ, ಎಷ್ಟು ತೊಳೆದ್ರೂ ಆರ್ಕ್ ಹೊಡೆದಾಗ ಸಣ್ಣ ಸಣ್ಣ ತೂತು ಬಿಡುತ್ತೆ, ಬಿಸಿಗೆ ಫ್ಲ್ಯಾಂಜ್ (ಬೋಲ್ಟ್ ಕೂರೋ ಅಂಚು) ತಿರುಚಿದ್ರೆ ಇನ್ನೊಂದು ತಲೆನೋವು. ಒಂದೇ ಒಂದು ಸಣ್ಣ ತೂತಿದ್ರೆ ಹಿತ್ತಾಳೆ ಹಾಕಿ ಗ್ಯಾಸ್ ವೆಲ್ಡ್ ಮಾಡ್ಸಿ ನಡೆಸ್ಬಹುದು, ಜರಡಿ ಆಗಿರೋದಕ್ಕಲ್ಲ. ಗುಜರೀಲಿ ಸಿಕ್ಕಿದ ಒಂದು ಚೆನ್ನಾಗೇ ಕಾಣ್ತಿತ್ತು ಆದ್ರೆ ಬೋಲ್ಟ್ ತೂತುಗಳ ಸುತ್ತ ತಗ್ಗು ಬಿದ್ದಿತ್ತು. ಲೋಕಲ್ ಪೀಸನ್ನ ಅಂಗಡಿಯ ಗಾಜಿನ ಕೌಂಟರ್ ಮೇಲೇ ಬೋರಲು ಇಟ್ಟು ನೋಡಿದ್ವಿ, ನಾಲ್ಕು ಮೂಲೇಲಿ ಒಂದು ಎದ್ದೇ ಇದೆ, ಒತ್ತಿದ್ರೆ ಟಕ್ ಟಕ್ ಅನ್ನುತ್ತೆ. ಒರಿಜಿನಲ್ ತಗೊಂಡ್ವಿ. ಚೇಂಬರ್ ಕೊಳ್ಳೋಕೆ ಹೋಗೋರು ದಯವಿಟ್ಟು ಈ ಗಾಜಿನ ಟೆಸ್ಟ್ ಮಾಡಿ, ಹಳೇ ಚೇಂಬರ್ ಜೊತೇಲಿ ತಗೊಂಡು ಹೋಗಿ ಆಳ, ಡ್ರೈನ್ ಬೋಲ್ಟಿನ ಜಾಗ, ಡಿಪ್ ಸ್ಟಿಕ್ ಬರೋ ಕಡೆ ಎಲ್ಲಾ ತಾಳೆ ನೋಡಿ, ಒಂದೇ ಗಾಡಿಗೆ ಬೇರೆ ಬೇರೆ ವರ್ಷದಲ್ಲಿ ಬೇರೆ ಬೇರೆ ಆಕಾರ ಬಂದಿರೋದುಂಟು.

ಒರಿಜಿನಲ್ ಆದ್ರೂ ಹಾಗೇ ಕೂರಿಸ್ಲಿಲ್ಲ. ಡ್ರೈನ್ ಬೋಲ್ಟಿನ ವೆಲ್ಡಿಂಗ್ ಸುತ್ತ ಹೊರಗಡೆ ಸೀಮೆಸುಣ್ಣ ಬಳಿದು ಒಳಗೆ ಸೀಮೆಎಣ್ಣೆ ಹಾಕಿ ಇಟ್ವಿ. ಸೀಮೆಎಣ್ಣೆ ಆಯಿಲ್ ಗಿಂತ ತೆಳು, ಎಲ್ಲಿ ಕೂದಲೆಳೆ ಬಿರುಕಿದ್ರೂ ಸುಣ್ಣದ ಮೇಲೆ ಕಲೆ ಬರುತ್ತೆ. ಬರ್ಲಿಲ್ಲ.

ಸ್ಟ್ರೈನರ್ ಹಳೇದನ್ನ ತೊಳೆದು ಹಾಕ್ಬಹುದಾ ಅಂತ ಕೇಳಿದ್ರು. ಜಾಲರಿ ತೊಳೀಬಹುದು, ಆದ್ರೆ ಇದರ ಪೈಪು ಗುಡ್ಡಕ್ಕೆ ಒತ್ತಿ ಒತ್ತಿ ಸ್ವಲ್ಪ ಬಾಗಿತ್ತು, ಪೈಪಿನ ವೆಲ್ಡಿಂಗಲ್ಲಿ ಸೂಕ್ಷ್ಮ ಬಿರುಕಿದ್ರೆ ಪಂಪು ಆಯಿಲ್ ಬದ್ಲು ಗಾಳಿ ಎಳೆಯುತ್ತೆ, ಹೊಸದೇ ಹಾಕಿದ್ವಿ. ಪೈಪು ಸೇರೋ ಜಾಗದ ರಬ್ಬರ್ ಓ-ರಿಂಗ್ ಅಂತೂ ಕಡ್ಡಾಯ ಹೊಸದು. ಆಮೇಲೆ ಸ್ಟ್ರೈನರಿಗೂ ತಳಕ್ಕೂ ಗ್ಯಾಪ್ ಎಷ್ಟು ಅಂತ ಅಳೆಯೋಕೆ ಮಕ್ಕಳು ಆಡೋ ಕ್ಲೇ ಒಂದು ಉಂಡೆ ಸ್ಟ್ರೈನರ್ ಬಾಯಿಗೆ ಅಂಟಿಸಿ, ಗ್ಯಾಸ್ಕೆಟ್ ಇಟ್ಟು ಚೇಂಬರ್ ನ ನಾಲ್ಕು ಬೋಲ್ಟಲ್ಲಿ ಹಿಡಿಸಿ, ಮತ್ತೆ ಇಳಿಸಿ, ಚಪ್ಪಟೆಯಾದ ಕ್ಲೇ ಅಳೆದ್ರೆ 8 ಎಂಎಂ ಬಂತು. ತೀರಾ ಹತ್ರ ಇದ್ರೆ ಆಯಿಲ್ ಬರೋಕೆ ದಾರಿ ಇಲ್ಲ, ತೀರಾ ದೂರ ಇದ್ರೆ ಗಾಡಿ ಓಲಾಡಿದಾಗ ಆಯಿಲ್ ಆ ಕಡೆ ಈ ಕಡೆ ಹೋಗಿ ಗಾಳಿ ಹೀರುತ್ತೆ. ಅಳತೆ ಮುಗಿದ ಮೇಲೆ ಕ್ಲೇ ಒಂದು ಚೂರೂ ಉಳೀದ ಹಾಗೆ ತೆಗೀಬೇಕು, ಇದನ್ನ ಮರೆತ್ರೆ ಮಾಡಿದ ಕೆಲಸವೆಲ್ಲಾ ಹಾಳು.

ಚೇಂಬರ್ ಇಳಿದಿರೋವಾಗ, ಪಿಸ್ಟನ್ ನ ಕ್ರ್ಯಾಂಕಿಗೆ ಸೇರಿಸೋ ಕನೆಕ್ಟಿಂಗ್ ರಾಡ್ ಬೇರಿಂಗ್ ಬಿಚ್ಚಿ ನೋಡ್ಬೇಕಾ ಬೇಡ್ವಾ ಅಂತ ನಮ್ಮಲ್ಲೇ ಚರ್ಚೆ ಆಯ್ತು. ಹೇಗಿದ್ರೂ ಕೈಗೆ ಸಿಗುತ್ತೆ, ಒಂದು ಕ್ಯಾಪ್ ತೆಗೆದು ನೋಡೋಣ ಅನ್ನೋದು ತಪ್ಪಲ್ಲ. ಆದ್ರೆ ಐಡಲ್ ಪ್ರೆಷರ್ ಸರಿ ಇದೆ, ಶಬ್ದ ಇಲ್ಲ, ರಾಡ್ಗಳನ್ನ ಕೈಯಲ್ಲಿ ಹಿಡ್ದು ಮೇಲೆ ಕೆಳಗೆ ಆಡಿಸಿದ್ರೆ ಆಟ ಇಲ್ಲ, ಇಳಿಸಿದ ಆಯಿಲ್ ನ ಬಿಳಿ ಬನಿಯನ್ ಬಟ್ಟೇಲಿ ಸೋಸಿದ್ರೆ ತಾಮ್ರದ ಬಣ್ಣದ ಚೂರು ಸಿಗ್ಲಿಲ್ಲ, ಮ್ಯಾಗ್ನೆಟ್ಟಿಗೂ ಏನೂ ಅಂಟ್ಲಿಲ್ಲ. ಇಷ್ಟು ಸಾಕ್ಷಿ ಇರೋವಾಗ ಚೆನ್ನಾಗಿ ಕೂತಿರೋ ಬೇರಿಂಗ್ ನ ಕದಲಿಸೋದು ಬೇಡ ಅಂತ ಬಿಟ್ವಿ.

ಬ್ಲಾಕಿನ ಮುಖ ಪ್ಲಾಸ್ಟಿಕ್ ಬ್ಲೇಡಲ್ಲಿ ಕೆರೆದು, ಆಯಿಲ್ ತೊಟ್ಟಿಕ್ಕೋದು ನಿಲ್ಲೋವರೆಗೂ ಕಾದು, ಕೊನೇಲಿ ಥಿನ್ನರ್ ಬಟ್ಟೇಲಿ ಒರೆಸಿ ಒಣಗಿಸಿದ್ವಿ. ಈ ಎಂಜಿನ್ನಿಗೆ ರಬ್ಬರ್ ಬೆರೆಸಿದ ಕಾರ್ಕ್ ಗ್ಯಾಸ್ಕೆಟ್ ಬರುತ್ತೆ, ಅದನ್ನೇ ಹಾಕಿದ್ವಿ. ಸಿಲಿಕೋನ್ ಹಾಕಿದ್ದು ಟೈಮಿಂಗ್ ಕವರು ಮತ್ತು ಹಿಂದಿನ ಸೀಲ್ ಹೌಸಿಂಗು ಬ್ಲಾಕಿಗೆ ಸೇರೋ ನಾಲ್ಕು ಮೂಲೇಲಿ ಮಾತ್ರ, ಅದೂ ಎಂಜಿನ್ನಿಗೆ ಅಂತಾನೇ ಬರೋ ಆಯಿಲ್ ತಡೆಯೋ ಸಿಲಿಕೋನ್, ಹುಳಿ ವಾಸನೆ ಬರೋ ಬಾತ್ ರೂಮಿನ ಸಿಲಿಕೋನ್ ಅಲ್ಲ. ಬೋಲ್ಟ್ ಬಿಗಿಯೋದು ಮಧ್ಯದಿಂದ ಶುರು ಮಾಡಿ ಎದುರು ಬದುರು ಹೊರಕ್ಕೆ, ಮೊದಲ ಸುತ್ತು ಕೈಯಲ್ಲಿ, ಎರಡನೇ ಸುತ್ತು ಅರ್ಧ, ಮೂರನೇ ಸುತ್ತು ಟಾರ್ಕ್ ರೆಂಚಲ್ಲಿ 10 ನ್ಯೂಟನ್ ಮೀಟರ್. ಎಂ6 ಬೋಲ್ಟಿಗೆ ಅಷ್ಟೇ ಬೇಕಾಗಿರೋದು. ಜೋರು ಮಾಡಿದಷ್ಟೂ ಸೋರಲ್ಲ ಅನ್ನೋ ನಂಬಿಕೆ ಬಲವಾಗಿದೆ, ಚೇಂಬರ್ ವಿಷಯದಲ್ಲಿ ಅದು ಪೂರ್ತಿ ತಪ್ಪು, ಜೋರು ಬಿಗಿದ್ರೆ ಕಾರ್ಕ್ ಸೀಳಿ ಹೊರಗೆ ಬರುತ್ತೆ, ತೂತಿನ ಸುತ್ತ ತಗಡು ಬಾಗಿ ಎರಡು ಬೋಲ್ಟಿನ ನಡುವೆ ಸಂದಿ ಬೀಳುತ್ತೆ. ಟಾರ್ಕ್ ರೆಂಚ್ ಇಲ್ದೋರು ರಾಟ್ಚೆಟ್ ನ ಹಿಡಿ ಬಿಟ್ಟು ತಲೆ ಹತ್ರಾನೇ ಮುಷ್ಟೀಲಿ ಹಿಡ್ದು ಬಿಗಿದ್ರೆ ಹೆಚ್ಚು ಕಮ್ಮಿ ಆಗಲ್ಲ. ಡ್ರೈನ್ ಬೋಲ್ಟು ಹೊಸದು, ತಾಮ್ರದ ವಾಷರ್ ಹೊಸದು.

ಅವತ್ತೇ ರಾತ್ರಿ ಲೋಡಿಗೆ ಗಾಡಿ ಬೇಕು ಅಂತ ಓನರ್ರು ಪಟ್ಟು ಹಿಡಿದ್ರು, ಅವರ ಕಷ್ಟ ಅರ್ಥ ಆಗುತ್ತೆ, ಕಿತ್ತ ತರಕಾರಿ ಕಾಯಲ್ಲ. ಆದ್ರೂ ರಾತ್ರಿ ಪೂರ್ತಿ ಬಿಡದೇ ಆಯಿಲ್ ಹಾಕಲ್ಲ ಅಂತ ನಾನೂ ಹಿಡಿದೆ, ಮೂಲೇಲಿರೋ ಸಿಲಿಕೋನ್ ಗಟ್ಟಿ ಆಗದೇ ಬಿಸಿ ಆಯಿಲ್ ತಾಗಿದ್ರೆ ಇಷ್ಟೂ ಕೆಲಸ ಮತ್ತೆ. ಕೊನೆಗೆ ಅವರ ಊರಿನವರದ್ದೇ ಇನ್ನೊಂದು ಗಾಡೀಲಿ ಲೋಡ್ ಹೋಯ್ತು.

ಬೆಳಿಗ್ಗೆ ಹೊಸ ಫಿಲ್ಟರಿಗೆ ಆಯಿಲ್ ತುಂಬ್ಸಿ ಹಾಕಿ, 15ಡಬ್ಲ್ಯೂ-40 ಸಿಐ-4 ಗ್ರೇಡ್ ಆಯಿಲ್ ಆರು ಲೀಟರ್ ಚಿಲ್ಲರೆ ಹಾಕಿದ್ವಿ. ಡೀಸೆಲ್ ನಿಲ್ಲಿಸೋ ಸ್ಟಾಪ್ ಸೊಲೆನಾಯ್ಡ್ ವೈರ್ ಬಿಚ್ಚಿಟ್ಟು, ಎಂಜಿನ್ ಸ್ಟಾರ್ಟ್ ಆಗದ ಹಾಗೆ ಮಾಡಿ, ಬಿಟ್ಟು ಬಿಟ್ಟು ಸೆಲ್ಫ್ ಹೊಡೆದ್ವಿ, ಗೇಜಿನ ಮುಳ್ಳು ಎದ್ದ ಮೇಲೇನೇ ವೈರ್ ಸೇರಿಸಿ ಸ್ಟಾರ್ಟ್ ಮಾಡಿದ್ದು. ಟರ್ಬೋ ಇರೋ ಗಾಡಿಗೆ ಇದು ಬಹಳ ಮುಖ್ಯ, ಅದರ ಬುಷ್ಷಿಗೆ ಆಯಿಲ್ ಇಲ್ದೆ ತಿರುಗೋ ತಾಕತ್ತಿಲ್ಲ. ಪೂರ್ತಿ ಬಿಸಿ ಆದ್ಮೇಲೆ ಐಡಲಲ್ಲಿ 1.2 ಬಾರ್, 2500ರಲ್ಲಿ ಹಿಡಿದಿಟ್ರೆ 3.5, ಮುಳ್ಳು ಕದಲ್ಲಿಲ್ಲ. ಲೋಡ್ ಮೇಲೆ ಓಡಿಸಿ ವಾಪಸ್ ಬಂದ ಮೇಲೆ ಬೋಲ್ಟ್ ಇನ್ನೊಂದ್ಸಲ ಅದೇ 10ಕ್ಕೆ ನೋಡಿದ್ವಿ, ಕಾರ್ಕ್ ಬಿಸಿಗೆ ಕೂರೋದ್ರಿಂದ ಒಂದೆರಡು ಸ್ವಲ್ಪ ತಿರುಗಿದ್ವು.

ಇಳಿಸಿದ ಆಯಿಲ್ ಬಗ್ಗೆ ಒಂದು ಮಾತು. ಸೆಂಟ್ರಿಂಗ್ ಹಲಗೆಗೆ ಬಳಿಯೋಕೆ ಕೇಳ್ಕೊಂಡು ಬರೋರು ಇದ್ದೇ ಇರ್ತಾರೆ, ಮೋರಿಗೆ ಸುರಿಯೋ ಗ್ಯಾರೇಜುಗಳೂ ಇವೆ. ಮೋರಿ ರಾಜಕಾಲುವೆ ಸೇರುತ್ತೆ, ಅಲ್ಲಿಂದ ಕೆರೆ. ಬಳಸಿದ ಆಯಿಲ್ 2016ರ ಅಪಾಯಕಾರಿ ತ್ಯಾಜ್ಯ ನಿಯಮದಲ್ಲಿ ಬರುತ್ತೆ, ಅದನ್ನ ಅನುಮತಿ ಇರೋ ರೀಸೈಕ್ಲರಿಗೇ ಕೊಡ್ಬೇಕು. ನಾವು ಬ್ಯಾರಲ್ಲಿಗೆ ಹಾಕಿ, ತುಂಬಿದಾಗ ಅವರನ್ನೇ ಕರೆಸಿ ಕೊಡ್ತೀವಿ, ಅದಕ್ಕೆ ದುಡ್ಡೂ ಕೊಡ್ತಾರೆ.

ಬಾಕಿ ಉಳಿದಿರೋದು ಹಿಂದಿನ ಕ್ರ್ಯಾಂಕ್ ಸೀಲಿನ ಆ ಒಂಚೂರು ಜಿಡ್ಡು. ಅದಕ್ಕೋಸ್ಕರ ಈಗ ಗೇರ್ ಬಾಕ್ಸ್ ಇಳಿಸೋದು ಬೇಡ, ಕ್ಲಚ್ ಪ್ಲೇಟ್ ಹೇಗೂ ಮುಂದೆ ಬದಲಾಯಿಸ್ಬೇಕಾಗುತ್ತೆ, ಆಗ ಜೊತೇಲೇ ಹಾಕಿದ್ರೆ ಕೂಲಿ ಒಂದೇ ಅಂತ ಬಿಲ್ಲಿನ ಹಿಂದೇನೇ ಬರೆದು ಕೊಟ್ಟಿದೀವಿ. 8 ವರ್ಷ ದಾಟಿದ ಗೂಡ್ಸ್ ಗಾಡಿಗೆ ವರ್ಷ ವರ್ಷ ಎಫ್.ಸಿ. (ಫಿಟ್ನೆಸ್ ಸರ್ಟಿಫಿಕೇಟ್) ಮಾಡಿಸ್ಲೇಬೇಕಲ್ಲ, ಈ ಸಲದ ಎಫ್.ಸಿ.ಗೆ ಮುಂಚೆ ಒಂದ್ಸಲ ತಂದು ಬಂಪ್ ಸ್ಟಾಪು, ಮೌಂಟಿಂಗು, ಆಕ್ಸಲ್ಲಿಗೂ ಚೇಂಬರಿಗೂ ಇರೋ ಗ್ಯಾಪು ಮೂರೂ ತೋರಿಸಿ ಅಂತ ಹೇಳಿದೀನಿ. ಲೋಡ್ ಹಾಕಿದಾಗ ಗ್ಯಾಪ್ ಎಷ್ಟಿರ್ಬೇಕು ಅಂತ ಓನರ್ರಿಗೇ ಕೈ ಇಟ್ಟು ತೋರಿಸಿದೀವಿ, ನಾಲ್ಕು ಬೆರಳು ಅಡ್ಡ ಹೋಗ್ಬೇಕು, ಎರಡಕ್ಕೆ ಇಳಿದ್ರೆ ಅವತ್ತೇ ಗಾಡಿ ತರ್ಬೇಕು.